ಬಯಲುಸೀಮೆಗೆ ಹಿಮವು ಬಂದ ದಾರಿ

ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳ ಹಿರಿಯರು ಬಹುಕಾಲದವರೆಗೆ ಕಣ್ಣಾರೆ ಕಂಡ ಹಿಮವೆಂದರೆ ಆಲಿಕಲ್ಲು ಒಂದೇ. ಚೈತ್ರ ವೈಶಾಖಗಳಲ್ಲಿ ಸಂಜೆಯ ಹೊತ್ತಿಗೆ ಬಡಗಣ ಗುಡ್ಡಗಳ ಮೇಲೆ ಕಾರ್ಮೋಡ ಕವಿದು, ಧೂಳಿನ ಬಿರುಗಾಳಿಯೊಡನೆ ನಾಲ್ಕು ಹನಿ ಉದುರಿ, ಒಮ್ಮೊಮ್ಮೆ ಅದರ ಬೆನ್ನಿಗೇ ನೆಲ್ಲಿಕಾಯಿಯ ಗಾತ್ರದ ಕಲ್ಲುಗಳು ಅಂಗಳದಲ್ಲಿ ಪುಟಿಯುತ್ತಿದ್ದುವು. ಮಕ್ಕಳು ತಲೆಯ ಮೇಲೆ ಗೋಣಿಯನ್ನು ಹೊದ್ದು ಓಡಿ ಅವನ್ನು ಆಯ್ದು ತಟ್ಟೆಗೆ ತುಂಬಿಕೊಳ್ಳುವರು. ಬಾಯಲ್ಲಿಟ್ಟು ಹಲ್ಲು ಜುಮ್ಮೆನ್ನಿಸಿಕೊಳ್ಳುವರು. ಯಾರಾದರೊಬ್ಬ ಜಾಣನು ಅದರ ಮೇಲೆ ಬೆಲ್ಲದ ಪುಡಿಯನ್ನು ಉದುರಿಸಿ ತಿನ್ನುವನು. ಅದೇ ಗಳಿಗೆಯಲ್ಲಿ ತೋಟದ ಯಜಮಾನನು ಉದುರಿದ ಮಾವಿನ ಹೀಚನ್ನು ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತಿರುವನು. ಹಣ್ಣೂ ಹಿಮವೂ ಈ ಸೀಮೆಯಲ್ಲಿ ಮೊದಲು ಸೇರಿದ್ದು ಹೀಗೆ, ಒಂದು ಇನ್ನೊಂದನ್ನು ಹಾಳುಮಾಡುವ ರೀತಿಯಲ್ಲಿ.

ಭಾಷೆಯೂ ಇದಕ್ಕೆ ಸಾಕ್ಷಿಯನ್ನು ನುಡಿಯುತ್ತದೆ. ಆಕಾಶದಿಂದ ಬೀಳುವ ಗಡ್ಡೆಗೆ ಕನ್ನಡದಲ್ಲಿ ಆಲಿಕಲ್ಲೆಂಬ ಅಚ್ಚ ದೇಶ್ಯವಾದ ಹೆಸರುಂಟು. ಆದರೆ ಹೆಪ್ಪುಗಟ್ಟಿದ ನೀರಿಗೆ ಮನೆಮಾತಿನಲ್ಲಿ ಬೇರೆ ಹೆಸರಿರಲಿಲ್ಲ. ಮುಂಜಾನೆಯ ಇಬ್ಬನಿಗೂ ಕಾವಳಕ್ಕೂ ಸಲ್ಲುತ್ತಿದ್ದ ಮಂಜು ಎಂಬ ಮಾತಿಗೆ ಗಡ್ಡೆಯನ್ನು ಅಂಟಿಸಿ ಮಂಜುಗಡ್ಡೆಯೆಂದು ಕರೆಯಬೇಕಾಯಿತು. ವಸ್ತುವು ಹೊರಗಿನಿಂದ ಬಂದಾಗ ಹೆಸರನ್ನು ಹೀಗೆ ಕೂಡಿಸಿ ಹೊಲಿಯುವುದು ಸಹಜವೇ ಆಗಿದೆ. ಪೇಟೆಯಲ್ಲಿ ಆ ಮಾತೂ ನಿಲ್ಲದೆ ಐಸು ಎಂಬುದೇ ನಿಂತಿತು.

ಹಾಗೆಂದು ಈ ನಾಡಿನವರಿಗೆ ತಂಪಿನ ವಿದ್ಯೆಯು ತಿಳಿಯದೆಂದು ಭಾವಿಸಲಾಗದು. ವರ್ಷದ ಮಳೆಯು ಐದುನೂರು ಮಿಲಿಮೀಟರನ್ನು ಮುಟ್ಟದಿರುವುದೇ ಹೆಚ್ಚಾಗಿರುವ ಈ ಒಣ ಬಯಲಿನಲ್ಲಿ ಆ ವಿದ್ಯೆಯು ಕರಾವಳಿಗಿಂತ ಚೆನ್ನಾಗಿ ಫಲಿಸುತ್ತದೆ. ಮಣ್ಣಿನ ಹೂಜಿಯ ಮೈಯಿಂದ ಒಸರುವ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೀರಿಕೊಂಡು ಹೋಗುವುದು. ಗಾಳಿಯು ಒಣಗಿದಷ್ಟೂ ಈ ಕೆಲಸವು ಚುರುಕಾಗುವುದು. ಮಂಗಳೂರಿನ ಸೆಕೆಯಲ್ಲಿ ಹೂಜಿಯ ನೀರು ಹೆಸರಿಗೆ ಮಾತ್ರ ತಂಪು. ಚಳ್ಳಕೆರೆಯ ಬಿಸಿಲಿನಲ್ಲಿ ಹೊರಗೆ ನಲವತ್ತು ಡಿಗ್ರಿಗಳಿದ್ದರೂ ಒಳಗಿನ ನೀರು ಇಪ್ಪತ್ತೈದರ ಸುತ್ತಮುತ್ತ ನಿಲ್ಲಬಲ್ಲುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು ಅಶೋಕನ ಶಾಸನದಿಂದ ಪ್ರಖ್ಯಾತವಾದ ಸ್ಥಳ. ೧೮೯೨ರಲ್ಲಿ ಲೂಯಿಸ್ ರೈಸ್ ಮಹಾಶಯರು ಅಲ್ಲಿಯೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಆ ಶಾಸನಗಳನ್ನು ಕಂಡುಹಿಡಿದರು. ೧೯೪೭ರಲ್ಲಿ ಅಲ್ಲಿ ನೆಲವನ್ನು ಅಗೆಯಿಸಿದ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸನಿಗೆ ಕಪ್ಪು ಕೆಂಪು ಮಡಕೆಗಳ ಚೂರುಗಳು ಪದರ ಪದರವಾಗಿ ದೊರೆತುವು. ಕುಂಬಾರನ ತಿಗರಿಯು ಈ ಮಣ್ಣಿಗೆ ಹೊಸದಲ್ಲ.

ಹೂಜಿಯ ನೀರಿನಿಂದ ಪಾನಕವಾಯಿತು, ನೀರುಮಜ್ಜಿಗೆಯಾಯಿತು. ರಾಮನವಮಿಯ ದಿನ ಬೇಲದ ಹಣ್ಣಿನದೋ ಕರಬೂಜದ್ದೋ ಪಾನಕವನ್ನು ಮಾಡಿ ಬಂದವರಿಗೆಲ್ಲ ಹಂಚುವ ಪದ್ಧತಿಯು ಇಂದಿಗೂ ಉಳಿದಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಕುಡಿಯುವ ನೀರಿನ ಭೋಗಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟನು. ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ಸೂಪಶಾಸ್ತ್ರದಲ್ಲಿ ಪಾನಕಗಳಿಗೂ ಒಂದು ಪ್ರಕರಣವುಂಟು. ಆದರೆ ಹೂಜಿಯ ತಂಪಿಗೆ ಒಂದು ಮೇರೆಯಿದೆ. ಅದು ನೀರನ್ನು ಹಿಮಬಿಂದುವಿನವರೆಗೆ ಎಂದಿಗೂ ಇಳಿಸಲಾರದು. ಅರಸನ ಭೋಗಕ್ಕೂ ಒಕ್ಕಲಿಗನ ಪಾನಕಕ್ಕೂ ಈ ಮೇರೆಯು ಸಮಾನವಾಗಿತ್ತು.

ಈ ಮೇರೆಯನ್ನು ದಾಟಿಸುವ ವಸ್ತುಗಳಲ್ಲೊಂದು ಚಳ್ಳಕೆರೆಯ ನೆಲದಲ್ಲಿಯೇ ಬಿದ್ದಿದ್ದಿತು, ಅದುವೇ ಉಪ್ಪು. ಬೇಸಗೆಯಲ್ಲಿ ಈ ಭಾಗದ ತಗ್ಗುಗಳಲ್ಲಿ ನೆಲದ ಮೇಲೆ ಬೆಳ್ಳಗೆ ಸುಣ್ಣ ಬಳಿದಂತೆ ಸವುಳು ಏಳುತ್ತದೆ. ಆ ಮಣ್ಣನ್ನು ಕೆರೆದು, ನೀರಿನಲ್ಲಿ ಕದಡಿ, ಸೋಸಿ, ಬಿಸಿಲಿಗೆ ಆರಿಸಿ ಉಪ್ಪನ್ನು ತೆಗೆಯುವುದು ಉಪ್ಪಾರರ ಕುಲವೃತ್ತಿಯಾಗಿದ್ದಿತು. ಉಪ್ಪಾರಹಟ್ಟಿಯೆಂಬ ಊರ ಹೆಸರುಗಳು ಅದನ್ನು ಇನ್ನೂ ಹೇಳುತ್ತಿವೆ. ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಇಂಥದೇ ನೆಲದ ಕ್ಷಾರದಿಂದ ಗಾಜನ್ನು ಕಾಸಿ ಬಳೆಗಳನ್ನು ಮಾಡುತ್ತಿದ್ದರು. ಹಳೆಯ ಗೋಡೆಗಳ ಬುಡದಲ್ಲಿಯೂ ದನದ ಕೊಟ್ಟಿಗೆಯ ಮಣ್ಣಿನಲ್ಲಿಯೂ ಹುಟ್ಟುವ ಪೆಟ್ಲುಪ್ಪು ಎಂಬ ಮತ್ತೊಂದು ಬಗೆಯಿದೆ. ಅದು ತಿನ್ನುವ ಉಪ್ಪಲ್ಲ. ಕೋವಿಯ ಮದ್ದಿಗೆ ಬೇಕಾದದ್ದು. ಚಿತ್ರದುರ್ಗದ ಕೋಟೆಯೊಳಗೆ ಇಂದಿಗೂ ಪ್ರವಾಸಿಗಳು ಬೆರಗಾಗಿ ನೋಡುವ ಮದ್ದು ಬೀಸುವ ದೊಡ್ಡ ಕಲ್ಲುಗಳು, ೧೭೭೯ರಲ್ಲಿ ಹೈದರಾಲಿಯ ಕೈಗೆ ದುರ್ಗವು ಬೀಳುವವರೆಗೆ ನಾಯಕರಿಗೆ ಈ ಉಪ್ಪಿನ ಅಗತ್ಯವೆಷ್ಟಿದ್ದಿತೆಂಬುದನ್ನು ತೋರಿಸುತ್ತವೆ.

ಇದೇ ಪೆಟ್ಲುಪ್ಪನ್ನು ಉತ್ತರದಲ್ಲಿ ಮೊಗಲರು ಬೇರೆಯ ಕೆಲಸಕ್ಕೆ ಬಳಸಿದರು. ಅಕ್ಬರನ ಆಸ್ಥಾನದ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಅದರ ಕ್ರಮವನ್ನು ಅಳತೆ ಸಹಿತವಾಗಿ ಬರೆದಿಟ್ಟಿದ್ದಾನೆ: ಒಂದು ಸೇರು ನೀರನ್ನು ಲೋಹದ ಕೂಜೆಯಲ್ಲಿ ತುಂಬಿ ಬಾಯನ್ನು ಮುಚ್ಚಿ, ಬೇರೊಂದು ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪನ್ನು ಕಲಸಿ, ಆ ದ್ರಾವಣದಲ್ಲಿ ಕೂಜೆಯನ್ನು ಅರ್ಧ ಗಳಿಗೆ ತಿರುಗಿಸಬೇಕು. ಉಪ್ಪು ಕರಗುವಾಗ ಬಿಸಿಯನ್ನು ಹೀರಿಕೊಳ್ಳುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಮೊಗಲರು ಪೆಟ್ಲುಪ್ಪಿನಿಂದಲೇ ಹಿಮವನ್ನು ಮಾಡುತ್ತಿದ್ದರೆಂದು ಕೆಲವರು ಬರೆಯುವುದುಂಟು. ಅದು ಒಪ್ಪತಕ್ಕ ಮಾತಲ್ಲ. ಬೇಸಗೆಯ ನೀರನ್ನು ಈ ಒಂದೇ ಉಪಾಯದಿಂದ ಹೆಪ್ಪುಗಟ್ಟಿಸಲಾಗದು. ಹಿತವಾದ ತಣ್ಣೀರನ್ನು ಪಡೆಯಬಹುದು, ಅಷ್ಟೆ. ಹಿಮವು ಬೇಕಾದಾಗ ಅಕ್ಬರನೂ ಪರ್ವತವನ್ನೇ ಆಶ್ರಯಿಸಿದನು. ೧೫೮೬ರ ಸುಮಾರಿಗೆ ಅವನು ಪಂಜಾಬಿಗೆ ಬಿಡಾರವನ್ನು ಬದಲಾಯಿಸಿದ ಮೇಲೆ ಲಾಹೋರಿಗೆ ಬೆಟ್ಟಗಳಿಂದ ಹಿಮದ ಗಡ್ಡೆಗಳು ದೋಣಿಯಲ್ಲಿಯೂ ಗಾಡಿಯಲ್ಲಿಯೂ ಆಳಿನ ತಲೆಯ ಮೇಲೆಯೂ ಬರತೊಡಗಿದುವು. ಚಿತ್ರದುರ್ಗದ ನಾಯಕರಿಗೆ ಅಂಥ ಪರ್ವತವಿರಲಿಲ್ಲ. ಅವರ ಪೆಟ್ಲುಪ್ಪು ಮದ್ದಿನ ಮನೆಗೇ ಹೋಯಿತು.

ಚಳಿಗಾಲದ ನಿರ್ಮಲವಾದ ರಾತ್ರಿಗಳಲ್ಲಿ ಬಯಲಿನಲ್ಲಿ ಹುಲ್ಲನ್ನು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳನ್ನಿಟ್ಟು, ಕಾಯಿಸಿ ಆರಿಸಿದ ನೀರನ್ನು ಹೊಯ್ದು ಸೂರ್ಯೋದಯಕ್ಕೆ ಮುಂಚೆ ತೆಳುವಾದ ಹಿಮದ ಹಪ್ಪಳಗಳನ್ನು ತೆಗೆಯುವ ಕ್ರಮವೊಂದು ಅಲಹಾಬಾದಿನ ಕಡೆಯಲ್ಲಿದ್ದಿತು. ರಾಬರ್ಟ್ ಬಾರ್ಕರ್ ಎಂಬ ದಳಪತಿಯು ಅದನ್ನು ನೋಡಿ ೧೭೭೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದನು. ಚಳ್ಳಕೆರೆಯ ಪುಷ್ಯಮಾಸದ ಚಳಿಯು ಕಂಬಳಿಯನ್ನು ಬೇಡಿಸುವುದಾದರೂ ತಟ್ಟೆಯ ನೀರನ್ನು ಕಲ್ಲಾಗಿಸುವಷ್ಟು ಕಠಿನವಲ್ಲ.

ಹೀಗಿರಲು ಹಿಮವು ದಕ್ಷಿಣಕ್ಕೆ ಬಂದದ್ದು ಬೆಟ್ಟದಿಂದಲ್ಲ, ಸಮುದ್ರದಿಂದ. ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಅಲ್ಲಿಯ ಕೊಳಗಳು ಹೆಪ್ಪುಗಟ್ಟಿದಾಗ ಗಡ್ಡೆಗಳನ್ನು ಗರಗಸದಿಂದ ಕೊಯ್ಯಿಸಿ ಹಡಗಿಗೆ ತುಂಬಿಸುತ್ತಿದ್ದನು. ೧೮೩೩ರಲ್ಲಿ ಅವನ ಟಸ್ಕನಿ ಎಂಬ ಹಡಗು ನೂರೆಂಬತ್ತು ಟನ್ನು ಹಿಮವನ್ನು ಹೊತ್ತು, ಎರಡು ಬಾರಿ ಭೂಮಧ್ಯರೇಖೆಯನ್ನು ದಾಟಿ, ನಾಲ್ಕು ತಿಂಗಳ ಮೇಲೆ ಕಲಕತ್ತೆಯನ್ನು ಸೇರಿದಾಗ ಸುಮಾರು ನೂರು ಟನ್ನು ಕರಗದೆ ಉಳಿದಿದ್ದಿತು. ಮರುವರ್ಷ ಮುಂಬಯಿಗೂ ಹಿಮವು ಬಂದಿತು. ಜಮಶೇಟ್‌ಜಿ ಜೀಜೀಭಾಯಿಯವರು ಔತಣದಲ್ಲಿ ಐಸ್‌ಕ್ರೀಮನ್ನು ಬಡಿಸಿದರೆಂದೂ, ಉಂಡವರಿಗೂ ಉಣಿಸಿದವರಿಗೂ ನೆಗಡಿಯಾಯಿತೆಂದೂ ಅಲ್ಲಿಯ ಪತ್ರಿಕೆಯು ಹಾಸ್ಯ ಮಾಡಿದುದು ಪ್ರಸಿದ್ಧವಾಗಿದೆ. ಮದರಾಸಿನ ಕಡಲ ತೀರದಲ್ಲಿ ೧೮೪೨ರಲ್ಲಿ ಟ್ಯೂಡರನ ಹಿಮಾಗಾರವು ಎದ್ದಿತು. ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ಪಶ್ಚಿಮದಿಂದ ಹಿಂದಿರುಗಿದಾಗ ಇಳಿದುಕೊಂಡದ್ದು ಅದೇ ಕಟ್ಟಡದಲ್ಲಿ. ಅಷ್ಟು ಹೊತ್ತಿಗೆ ಅದರೊಳಗೆ ಹಿಮವಿರಲಿಲ್ಲ. ಯಂತ್ರದಿಂದ ಗಡ್ಡೆ ಕಟ್ಟುವ ಕಾರ್ಖಾನೆಗಳು ಹುಟ್ಟಿ ಬಾಸ್ಟನ್ನಿನ ವ್ಯಾಪಾರವನ್ನು ಮುಗಿಸಿದ್ದುವು.

ಈ ನಡುವೆ ಬಯಲುಸೀಮೆಯ ಸ್ಥಿತಿ ಏನಾಗಿದ್ದಿತು? ೧೮೭೬-೭೭ರಲ್ಲಿ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವನ್ನೂ ಬಳ್ಳಾರಿ ಸೀಮೆಯನ್ನೂ ಮಹಾಕ್ಷಾಮವು ಸುಟ್ಟಿತು. ಕೆರೆಗಳು ಬತ್ತಿ ಬಿರಿದುವು, ದನಗಳು ಸತ್ತುವು, ಊರುಗಳು ಖಾಲಿಯಾದುವು. ಸಮುದ್ರದಾಚೆಯ ಕೊಳದ ನೀರು ಗಡ್ಡೆಯಾಗಿ ಬಂದು ಮದರಾಸಿನ ದೊರೆಗಳ ಬಟ್ಟಲನ್ನು ತಂಪು ಮಾಡುತ್ತಿದ್ದ ಕಾಲದಲ್ಲಿ ಮೊಳಕಾಲ್ಮೂರಿನ ಬಾವಿಯಲ್ಲಿ ಕುಡಿಯುವುದಕ್ಕೆ ನೀರಿರಲಿಲ್ಲ. ಹಿಮದ ಚರಿತ್ರೆಯನ್ನು ಬರೆಯುವವರು ಹಡಗಿನ ಸಾಹಸವನ್ನು ಮಾತ್ರ ಹೊಗಳಿ ಈ ಪುಟವನ್ನು ಮಗುಚಿಬಿಡುವುದು ನ್ಯಾಯವಲ್ಲ.

ಹಣ್ಣನ್ನು ಹೆಪ್ಪುಗಟ್ಟಿಸುವ ವಿದ್ಯೆಯ ಮರ್ಮವು ಹಿಮದಲ್ಲಿ ಮಾತ್ರ ಇಲ್ಲ. ಅದಕ್ಕೆ ಉಪ್ಪು ಬೇಕು. ಬರಿಯ ಹಿಮದ ನಡುವೆ ಮಾವಿನ ರಸವನ್ನು ಎಷ್ಟು ಹೊತ್ತು ಇಟ್ಟರೂ ಅದು ತಣ್ಣಗಾಗುವುದೇ ಹೊರತು ಗಟ್ಟಿಯಾಗದು. ಸಕ್ಕರೆಯು ಕರಗಿರುವ ರಸವು ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ ಎರಡು ಮೂರು ಡಿಗ್ರಿಗಳಷ್ಟಾದರೂ ಕೆಳಗಿಳಿಯಬೇಕು. ಹಿಮದ ಪುಡಿಗೆ ಉಪ್ಪನ್ನು ಬೆರಸಿದರೆ ಹಿಮವು ಆ ಶೀತದಲ್ಲಿಯೂ ಕರಗತೊಡಗುತ್ತದೆ. ಒಂದು ಸೇರು ಹಿಮವು ಕರಗಿ ನೀರಾಗಲು, ಅಷ್ಟೇ ತಣ್ಣೀರನ್ನು ಸೊನ್ನೆಯಿಂದ ಎಂಬತ್ತು ಡಿಗ್ರಿಗೆ ಕಾಯಿಸುವಷ್ಟು ಶಾಖವು ಬೇಕು. ಅದನ್ನು ಅದು ಸುತ್ತಲಿನಿಂದ ಕಿತ್ತುಕೊಳ್ಳುತ್ತದೆ. ಮೂರು ಪಾಲು ಹಿಮಕ್ಕೆ ಒಂದು ಪಾಲು ಉಪ್ಪು ಸೇರಿದರೆ ಸೊನ್ನೆಗಿಂತ ಇಪ್ಪತ್ತೊಂದು ಡಿಗ್ರಿ ಕೆಳಗಿನವರೆಗೆ ಇಳಿಯಬಹುದು. ೧೮೪೩ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್‌ಸನ್ ಎಂಬ ಮಹಿಳೆಯು ಹಿಡಿಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಸನ್ನದನ್ನು ಪಡೆದಳು. ಮರದ ತೊಟ್ಟಿ, ಒಳಗೆ ತಗಡಿನ ಡಬ್ಬ, ಅದರೊಳಗೆ ಕಡೆಯುವ ಅಲಗು. ಇದಾದ ಮೇಲೆ ಹಿಮಪಾಕವು ಅರಮನೆಯ ಬಾಣಸಿಗರ ಗುಟ್ಟಾಗಿ ಉಳಿಯಲಿಲ್ಲ.

ಸವುಳಿನ ನೆಲಕ್ಕೆ ಉಪ್ಪಿನ ಕೊರತೆಯೆಂದರೆ ನಗುವ ಮಾತು. ಆದರೂ ಆ ಕೊರತೆಯನ್ನು ಕಾನೂನು ತಂದಿತು. ಮದರಾಸು ಆಧಿಪತ್ಯದಲ್ಲಿ ೧೮೦೫ರಿಂದ ಉಪ್ಪು ಸರಕಾರದ ಏಕಸ್ವಾಮ್ಯವಾಯಿತು. ಮೊಳಕಾಲ್ಮೂರಿನ ಗಡಿಗೆ ಹೊಂದಿಕೊಂಡ ರಾಯದುರ್ಗವು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ೧೯೫೩ರಲ್ಲಿ ಆಂಧ್ರಕ್ಕೆ ಹೋಯಿತು. ಆ ಕಡೆಯಲ್ಲಿ ಮಣ್ಣುಪ್ಪಿನ ತಯಾರಿಕೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅಡಗಿಸಲಾಯಿತು. ಅದನ್ನೇ ನಂಬಿದ್ದ ಉಪ್ಪಾರರು ಮಣ್ಣಿನ ಕೆಲಸಕ್ಕೂ ಕೂಲಿಗೂ ಇಳಿದರು. ೧೯೩೦ರಲ್ಲಿ ಗಾಂಧಿಯವರು ದಂಡಿಯಲ್ಲಿ ಹಿಡಿಯುಪ್ಪನ್ನು ಎತ್ತಿದಾಗ ಅದರ ಅರ್ಥವನ್ನು ಈ ಸೀಮೆಯ ಉಪ್ಪಾರರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಉಪ್ಪಿನ ಸುಂಕವು ೧೯೪೭ರಲ್ಲಿ ತೊಲಗಿತು. ಆದರೆ ಮಣ್ಣುಪ್ಪಿನ ಮಡಿಗಳು ಮರಳಿ ಬರಲಿಲ್ಲ. ಹಿಮದ ಗಡ್ಡೆಯು ಮರದ ಹೊಟ್ಟಿನಲ್ಲಿ ಹುದುಗಿ ಗೋಣಿಯನ್ನು ಹೊದ್ದು ಬಯಲುಸೀಮೆಯ ಪೇಟೆಗಳನ್ನು ಸೇರುವ ಹೊತ್ತಿಗೆ, ಅದಕ್ಕೆ ಬೆರಸುವ ಉಪ್ಪು ಕಡಲಿನದಾಗಿದ್ದಿತು.

ಇನ್ನು ಹಣ್ಣಿನ ಮಾತು. ಮೊಳಕಾಲ್ಮೂರಿನ ನೇಕಾರರು ರೇಷ್ಮೆಯ ಸೀರೆಗಳಲ್ಲಿ ಹೂವನ್ನೂ ಹಣ್ಣನ್ನೂ ಸೊಗಸಾಗಿ ನೆಯ್ಯುತ್ತಾರೆ. ಆ ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆದರೆ ನೆಲದ ಮೇಲಿನ ಹಣ್ಣು ಮಗ್ಗದ ಹಣ್ಣಿನಷ್ಟು ಧಾರಾಳವಲ್ಲ. ಗುಡ್ಡದ ಸೀತಾಫಲವು ಮಳೆ ಹಿಡಿದ ಮೇಲೆ ಹಣ್ಣಾಗುವುದರಿಂದ ಬೇಸಗೆಗೆ ಒದಗದು. ಹಳ್ಳದ ಈಚಲು ಹಣ್ಣಿಗಿಂತ ಹೆಂಡಕ್ಕೆ ಹೆಸರಾಗಿದ್ದಿತು. ೧೯೩೯ರಲ್ಲಿ ಸಮೀಪದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಆ ಮರಗಳನ್ನು ಕಡಿದೇ ಸತ್ಯಾಗ್ರಹ ಮಾಡಿದರು. ಹಾಗಾಗಿ ಉಳಿಯುವುದು ಕರಬೂಜ, ಕಲ್ಲಂಗಡಿ, ಮತ್ತು ಮಾವು. ಕಲ್ಲಂಗಡಿಯಲ್ಲಿ ನೀರೇ ಹೆಚ್ಚಾದ್ದರಿಂದ ಅದು ಹೆಪ್ಪುಗಟ್ಟಿದರೆ ಕಲ್ಲೇ ಆಗುವುದು. ನಾರಿಲ್ಲದ ಮಾವಿನ ತಿರುಳು ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ.

ಮನೆಯಲ್ಲಿ ಇದನ್ನು ಮಾಡುವ ಕ್ರಮವು ಮಾವಿನ ಸೀಕರಣೆಯನ್ನು ಬಲ್ಲ ಗೃಹಿಣಿಯರಿಗೆ ಅರ್ಧ ತಿಳಿದೇ ಇರುವುದು. ತಿರುಳನ್ನು ಕಿವುಚಿ ತೆಳುಬಟ್ಟೆಯಲ್ಲಿ ಸೋಸಿ, ನಾಲ್ಕು ಬಟ್ಟಲು ರಸಕ್ಕೆ ಮುಕ್ಕಾಲು ಬಟ್ಟಲಿನಷ್ಟು ಸಕ್ಕರೆ, ಒಂದು ಬಟ್ಟಲು ಕಾಯಿಸಿ ಆರಿಸಿದ ಗಟ್ಟಿ ಹಾಲು, ಏಲಕ್ಕಿ, ನಿಂಬೆಯ ಬದಲು ಒಂದು ಚಿಟಿಕೆ ಉಪ್ಪು ಸೇರಿಸುವರು. ತಂಪಾದ ಪದಾರ್ಥದಲ್ಲಿ ನಾಲಗೆಗೆ ಸಿಹಿಯು ಕಡಮೆ ತಿಳಿಯುವುದರಿಂದ ಸೀಕರಣೆಗಿಂತ ಒಂದು ಹಿಡಿ ಸಕ್ಕರೆಯು ಮುಂದಾಗಿಯೇ ಇರಬೇಕು. ಮಿತಿಮೀರಿದರೆ ರಸವು ಗಟ್ಟಿಯಾಗುವುದೇ ಇಲ್ಲ. ಕಡಮೆಯಾದರೆ ಚಮಚವು ಬಗ್ಗುವಷ್ಟು ಕಲ್ಲಾಗುವುದು. ಈ ಹದವನ್ನು ಯಾವ ಪುಸ್ತಕವೂ ಕಲಿಸದು, ಹಣ್ಣಿನ ಸಿಹಿಯೇ ಮರದಿಂದ ಮರಕ್ಕೆ ಬೇರೆಯಾಗುವುದು. ಬಾಯಿ ಭದ್ರವಾಗಿ ಮುಚ್ಚುವ ತಗಡಿನ ಡಬ್ಬದಲ್ಲಿ ಮುಕ್ಕಾಲು ಭಾಗ ಮಾತ್ರ ರಸವನ್ನು ತುಂಬಿ, ಅದನ್ನು ಬಾವಿಯ ಬಕೀಟಿನಲ್ಲಿಟ್ಟು, ಗೋಣಿಯಲ್ಲಿ ಕುಟ್ಟಿದ ಹಿಮವನ್ನೂ ಕಲ್ಲುಪ್ಪನ್ನೂ ಪದರ ಪದರವಾಗಿ ಸುತ್ತ ತುಂಬುವರು. ಆಮೇಲೆ ಡಬ್ಬದ ಹಿಡಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ, ಹತ್ತು ನಿಮಿಷಕ್ಕೊಮ್ಮೆ ಮುಚ್ಚಳವನ್ನು ಒರಸಿ ತೆರೆದು, ಅಂಚಿಗೆ ಕಟ್ಟಿದ ಹೆಪ್ಪನ್ನು ಮರದ ಸೌಟಿನಿಂದ ಕೆರೆದು ನಡುವಿಗೆ ತಳ್ಳುವರು. ಹೀಗೆ ಮಾಡದಿದ್ದರೆ ಹಿಮದ ಹರಳುಗಳು ದೊಡ್ಡವಾಗಿ ಬೆಳೆದು ಮರಳಿನಂತೆ ಹಲ್ಲಿಗೆ ಸಿಕ್ಕುವುವು. ಮುಕ್ಕಾಲು ಗಂಟೆಯ ದುಡಿಮೆ. ಒರಸುವುದನ್ನು ಮರೆತರೆ ಉಪ್ಪುನೀರು ಒಳಗಿಳಿದು ಎಲ್ಲವೂ ವ್ಯರ್ಥ. ತೋಳು ಸೋಲುವವರೆಗೆ ತಿರುಗಿಸಿದವರು ಹೆಂಗಸರು; ಮೊದಲ ಬಟ್ಟಲು ಜಗಲಿಯ ಮೇಲೆ ಕುಳಿತಿದ್ದವರಿಗೆ. ಈ ಕ್ರಮವು ಬಾಸ್ಟನ್ನಿನಲ್ಲಿಯೂ ಬಯಲುಸೀಮೆಯಲ್ಲಿಯೂ ಒಂದೇ ಆಗಿದ್ದಂತೆ ತೋರುತ್ತದೆ.

ಮನೆಯ ಹೊರಗೆ ಇದೇ ತಿಂಡಿಯ ಬಡ ತಮ್ಮನು ಬೇರೆಯ ರೂಪದಲ್ಲಿ ಬಂದನು. ೧೯೦೫ರಲ್ಲಿ ಕ್ಯಾಲಿಫೋರ್ನಿಯದ ಫ್ರಾಂಕ್ ಎಪರ್‌ಸನ್ ಎಂಬ ಹುಡುಗನು ಪಾನಕದ ಲೋಟದಲ್ಲಿ ಕಡ್ಡಿಯನ್ನು ಮರೆತು ರಾತ್ರಿಯೆಲ್ಲ ಹೊರಗೆ ಬಿಟ್ಟನೆಂದೂ, ಬೆಳಗ್ಗೆ ಅದು ಕಡ್ಡಿಯೊಡನೆ ಹೆಪ್ಪಾಗಿದ್ದಿತೆಂದೂ ಕಥೆಯಿದೆ. ಅವನ ವಂಶದ ಕಡ್ಡಿ ಐಸು ಬೈಸಿಕಲ್ಲಿನ ಹಿಂದೆ ಮರದ ಪೆಟ್ಟಿಗೆಯನ್ನೇರಿ ಜಾತ್ರೆಗಳಿಗೂ ಶಾಲೆಯ ಬಾಗಿಲಿಗೂ ಸವಾರಿ ಮಾಡಿತು. ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ರಥವು ಎಳೆಯುವುದು ಫಾಲ್ಗುಣದ ಬಿಸಿಲಿನಲ್ಲಿ. ಅಲ್ಲಿ ಐಸಿನವನ ಪೀಪಿಗೆ ಮಕ್ಕಳು ತಿರುಗದೆ ಇರುವರೆ? ಹಿರಿಯರ ಅಂಜಿಕೆಯೂ ಸುಳ್ಳಲ್ಲ. ಹಿಮವು ನೀರಿನ ಕೊಳೆಯನ್ನು ತೊಳೆಯುವುದಿಲ್ಲ; ವಿಷಮಶೀತಜ್ವರದ ಕ್ರಿಮಿಗಳು ಹೆಪ್ಪಿನಲ್ಲಿಯೂ ಬದುಕಿರಬಲ್ಲುವು. ಕೆಟ್ಟ ನೀರಿನ ಐಸು ಕೆಟ್ಟ ನೀರೇ.

ಈ ತಾಲ್ಲೂಕುಗಳಲ್ಲಿ ಆ ಮಾತಿಗೆ ಮತ್ತೊಂದು ತೂಕವುಂಟು. ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯು ವೇದಾವತಿಯನ್ನು ಹಿರಿಯೂರಿನಲ್ಲಿ ತಡೆದ ಮೇಲೆ ಕೆಳಗಿನ ಚಳ್ಳಕೆರೆಯ ಪಾಲಿಗೆ ಹೊಳೆಯು ಬಹುತೇಕ ಮರಳಿನ ದಾರಿಯಾಯಿತು. ೧೯೩೩ರಲ್ಲಿ ಕೋಡಿ ಹರಿದ ಆ ಕೆರೆಯು ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ನಡುವಿನ ಕಾಲದಲ್ಲಿ ಜನರು ನೆಲವನ್ನು ಕೊರೆದು ಆಳದ ನೀರನ್ನೆತ್ತಿದರು. ಅದರಲ್ಲಿ ಫ್ಲೋರೈಡು ಮಿತಿಮೀರಿರುವ ಊರುಗಳು ಚಳ್ಳಕೆರೆ ಮೊಳಕಾಲ್ಮೂರುಗಳಲ್ಲಿ ಅನೇಕವಿವೆ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿನ ಮೇಲಿದ್ದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುವುವು, ಇನ್ನೂ ಹೆಚ್ಚಾದರೆ ವಯಸ್ಸಾದವರ ಕೀಲುಗಳು ಬಿಗಿಯುವುವು. ಕಾಯಿಸಿದರೆ ಇದು ಹೋಗದು. ನೀರು ಬತ್ತಿದಂತೆ ಮತ್ತಷ್ಟು ಗಟ್ಟಿಯಾಗುವುದು. ಆದ್ದರಿಂದ ಹಿಮಪಾಕಕ್ಕೆ ನೀರು ಬೇಕಾದಲ್ಲಿ ಮಾಳಿಗೆಯ ಮೇಲೆ ಹಿಡಿದು ಕಾಯಿಸಿದ ಮಳೆಯ ನೀರನ್ನೋ ಶುದ್ಧೀಕರಿಸಿದ ನೀರನ್ನೋ ಬಳಸುವ ಮನೆಯವರು ವಿವೇಕಿಗಳು. ಹಣ್ಣಿನ ರಸವೊಂದರಿಂದಲೇ ಮಾಡಿದರೆ ಈ ಚಿಂತೆಯು ಅಷ್ಟರಮಟ್ಟಿಗೆ ಕಡಮೆ.

ಈಗ ತಂಪಿನ ಪೆಟ್ಟಿಗೆಯು ಸಾಧಾರಣ ಗೃಹಸ್ಥರ ಅಡಿಗೆಮನೆಯಲ್ಲಿಯೂ ನಿಂತಿದೆ. ಗೋಣಿ, ಹೊಟ್ಟು, ಬಕೀಟುಗಳು ಮೂಲೆ ಸೇರಿವೆ. ಇಪ್ಪತ್ತನೆಯ ಶತಮಾನದ ಕಡೆಯಿಂದೀಚೆಗೆ ಹನಿ ನೀರಾವರಿಯಲ್ಲಿ ದಾಳಿಂಬೆಯ ತೋಟಗಳು ಎದ್ದ ಮೇಲೆ ಮಾವಿನ ಜೊತೆಗೆ ಆ ಕೆಂಪು ರಸವೂ ಹೆಪ್ಪಿಗೆ ಬಂದಿದೆ. ಬೀಜವನ್ನು ಅರೆಯದೆ ಕೈಯಿಂದ ಹಿಂಡಿ ಸೋಸಿದರೆ ಒಗರು ಬಾರದು. ಅಗಲವಾದ ತಟ್ಟೆಯಲ್ಲಿ ಹೊಯ್ದು, ಗಂಟೆಗೊಮ್ಮೆ ಮುಳ್ಳುಚಮಚದಿಂದ ಕೆದರಿದರೆ ನಾಲ್ಕು ಗಂಟೆಗಳಲ್ಲಿ ಹರಳು ಹರಳಾಗಿ ಸಿದ್ಧವಾಗುವುದು. ಆದರೆ ವೈಶಾಖದ ಸಂಜೆ, ಆಲಿಕಲ್ಲಿನ ಗಾಳಿಯೆದ್ದು ತಂತಿ ಕಡಿದು ವಿದ್ಯುಚ್ಛಕ್ತಿಯು ನಿಂತಾಗ, ನೆಂಟರು ಹಜಾರದಲ್ಲಿ ಕುಳಿತಿರುವಾಗಲೇ ತಟ್ಟೆಯೊಳಗಿನದು ಕರಗತೊಡಗುತ್ತದೆ. ಆಗ ಮನೆಯ ಅಜ್ಜಿಯು ಹಳೆಯ ಡಬ್ಬವನ್ನು ಅಟ್ಟದಿಂದ ಇಳಿಸಿ ರಸವನ್ನು ಅದಕ್ಕೆ ಸುರಿಸಿ, ಪೆಟ್ಟಿಗೆಯಲ್ಲಿ ಉಳಿದ ಹಿಮದ ತುಂಡುಗಳನ್ನು ಬಕೀಟಿಗೆ ಹಾಕಿಸಿ, ಎರಡು ಹಿಡಿ ಕಲ್ಲುಪ್ಪನ್ನು ತರಿಸುವಳು. ಮೊಮ್ಮಕ್ಕಳು ಸರದಿಯ ಮೇಲೆ ಹಿಡಿಯನ್ನು ತಿರುಗಿಸುವರು.